ಎಡಗಡೆ ಮುಂದಿನ ಚಕ್ರ

ಲಾರಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ ಅವನಿಗೆ ಬೇಕಾಗಿದ್ದುದು ಒಂದೇ ಒಂದು ಹುಳುಕು. ದೊಡ್ಡದೇನೂ ಬೇಡ. ಎಲ್ಲಾದರೂ ಒಂದು ಹನಿ ಆಯಿಲ್ ಒಸರುತ್ತಿದ್ದರೆ, ಒಂದು ರಬ್ಬರ್ ಬುಷ್ ಸವೆದು ಕೂತಿದ್ದರೆ, ಯಾವುದಾದರೂ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಸಾಕಿತ್ತು. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದಾಗಿನಿಂದ ಟಾರ್ಚು ಹಿಡಿದು ಇಂಚಿಂಚೂ ನೋಡುತ್ತ ಬಂದಿದ್ದ. ಬ್ರೇಕಿನ ಪೈಪು ಗಟ್ಟಿ. ಸ್ಟೀರಿಂಗಿನ ಕೀಲುಗಳು ಗಟ್ಟಿ. ರೇಡಿಯೇಟರು ಕಾದರೂ ತೊಟ್ಟಿಕ್ಕಲಿಲ್ಲ. ಸ್ಪ್ರಿಂಗಿನ ಪ್ಲೇಟುಗಳಲ್ಲಿ ಒಂದೂ ಮುರಿದಿರಲಿಲ್ಲ. ಇಷ್ಟು ವಯಸ್ಸಾದ ಗಾಡಿ ಇಷ್ಟು ಚೆನ್ನಾಗಿರುವುದಕ್ಕೆ ಅದಕ್ಕೇ ನಾಚಿಕೆಯಾಗಬೇಕು ಎನ್ನಿಸಿತು. ಹೊರಗೆ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ ಷಡ್ಡಕನ ಚಪ್ಪಲಿಗಳು ಮಾತ್ರ ಅವನಿಗೆ ಕಾಣುತ್ತಿದ್ದವು. ಪ್ರಯಾಣಕ್ಕೆಂದು ತೆಗೆದುಕೊಂಡ ಹೊಸ ಚಪ್ಪಲಿಗಳು. ಅವೂ ಗಟ್ಟಿಯಾಗಿಯೇ ಇದ್ದವು.

"ಏನಣ್ಣ, ಹೊರಡಬಹುದಾ?"

"ನೋಡ್ತಾ ಇದೀನಿ."

"ನೋಡಿ ನೋಡಿ, ನಿಧಾನವಾಗಿ ನೋಡಿ. ನೀವು ಹೂಂ ಅಂದ್ರೇನೇ ನಾನು ನಾಳೆ ಕೀ ತಿರುಗಿಸೋದು."

ಇದರ ಬದಲು ಎರಡು ಬೈದಿದ್ದರೂ ವಾಸಿಯಾಗಿತ್ತು. ಈ ಮನುಷ್ಯನ ದೊಡ್ಡ ಕೆಟ್ಟ ಗುಣವೆಂದರೆ ಇವನಲ್ಲಿ ಬೈಯುವಂಥದ್ದೇನೂ ಇರಲಿಲ್ಲ. ಹೆಂಡತಿಯ ತಂಗಿಯ ಗಂಡ, ಕಸುಬಿನಲ್ಲಿ ಬಡಗಿ. ಯಾರ ಮನೆಗೆ ಹೋದರೂ ಅಲ್ಲಾಡುವ ಕುರ್ಚಿ ಕಂಡರೆ ಮಾತಾಡುತ್ತ ಮಾತಾಡುತ್ತಲೇ ಅದರ ಕಾಲಿಗೊಂದು ಬೆಣೆ ಹೊಡೆದು ಕೂರುವವನು. ಲಾರಿಯ ಕೆಳಗೆ ಮಲಗಿದ್ದವನ ಮನೆಯಲ್ಲೂ ಹಾಗೇ ಮಾಡಿದ್ದ. ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಎಂದು ತಾನು ವರ್ಷಗಟ್ಟಲೆ ಮುಂದೂಡಿದ್ದ ಅಡುಗೆಮನೆಯ ಬಾಗಿಲನ್ನು ಅವನು ಕಾಫಿ ಆರುವಷ್ಟರಲ್ಲಿ ಸರಿಮಾಡಿದ್ದ. ಅವನು ಹೋದ ಮೇಲೆ ಹೆಂಡತಿ ಆ ಬಾಗಿಲನ್ನು ಸುಮ್ಮಸುಮ್ಮನೆ ತೆಗೆದು ಹಾಕಿ, ತೆಗೆದು ಹಾಕಿ ನೋಡಿದ್ದಳು. ಸದ್ದೇ ಇಲ್ಲ ನೋಡ್ರೀ, ಎಂದಿದ್ದಳು. ಆ ಬಾಗಿಲು ಈಗಲೂ ಸದ್ದು ಮಾಡುವುದಿಲ್ಲ. ನೀರು ಕುಡಿಯಲೆಂದು ಅದನ್ನು ದಾಟುವಾಗಲೆಲ್ಲ ಅವನಿಗೆ ಆ ಸದ್ದಿಲ್ಲದಿರುವುದು ಕೇಳಿಸುತ್ತದೆ. ಈಗ ಈ ಬಡಗಿಗೆ ಸಮುದ್ರದ ದಂಡೆಯ ಹೋಟೆಲೊಂದರಿಂದ ಮಂಚ, ಮೇಜುಗಳ ಕೆಲಸ ಸಿಕ್ಕಿತ್ತು. ಬಯಲು ದಾಟಿ, ಘಾಟಿ ಹತ್ತಿ ಇಳಿದು ತಲುಪಿಸಬೇಕು. ಬಾಡಿಗೆ ಲಾರಿಯವರ ಹಂಗೇಕೆ ಎಂದು ಸ್ವಂತಕ್ಕೇ ಒಂದು ಹಳೆಯ ಲಾರಿ ಕೊಂಡಿದ್ದ. ಊರಿನಲ್ಲಿ ಮಾರಾಟಕ್ಕೆ ನಿಂತಿದ್ದ ಅಷ್ಟೂ ಹಳೆಯ ಲಾರಿಗಳನ್ನು ಬಿಟ್ಟು ಇದನ್ನೇ.

ಇದು ಮುದುಕನೊಬ್ಬನ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ ನಿಂತಿದ್ದ ಗಾಡಿ. ಓಡಿಸುವ ಶಕ್ತಿ ಇಲ್ಲ, ಗುಜರಿಗೆ ಹಾಕುವ ಮನಸ್ಸಿಲ್ಲ ಎಂದು ಮುದುಕ ಅದನ್ನು ಹಾಗೇ ಇಟ್ಟುಕೊಂಡಿದ್ದ. ಷಡ್ಡಕ ಇದನ್ನು ಕೊಳ್ಳುವ ಎಷ್ಟೋ ಮುಂಚೆಯೇ, ತನ್ನ ಗ್ಯಾರೇಜಿಗೆ ರಜೆ ಇದ್ದ ದಿನವೆಲ್ಲ ಅವನು ಅಲ್ಲಿಗೆ ಹೋಗುತ್ತಿದ್ದ. ಕೀ ಇಸಿದುಕೊಂಡು ಇಂಜಿನ್ನು ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಗಾಡಿಯ ಒಳಗಿನದೆಲ್ಲ ಆ ಕಬ್ಬಿಣದ ಕಡ್ಡಿಯ ಮೂಲಕ ಹರಿದು ಕಿವಿಗೆ ಬರುತ್ತಿತ್ತು. ಇದೇ ವಿದ್ಯೆಯಿಂದಲೇ ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಂದದ್ದು. ದೂರದೂರದ ಡ್ರೈವರುಗಳು ಬಂದು, ಬಿಚ್ಚೋಕೆ ಮುಂಚೆ ಒಂದ್ಸಲ ಕೇಳಿ ಹೇಳಿ ಮೇಸ್ತ್ರಿ, ಎನ್ನುತ್ತಿದ್ದರು. ಮುದುಕನ ಲಾರಿಯನ್ನು ಅವನು ಚಳಿಯಲ್ಲಿ ಕೇಳಿದ, ಬಿಸಿಲಲ್ಲಿ ಕೇಳಿದ, ಮಳೆಯಲ್ಲಿ ನೆಂದುಕೊಂಡು ಕೇಳಿದ. ಎಲ್ಲವೂ ಸರಿಯಿತ್ತು. ಆದರೂ ಇನ್ನೊಂದು ಸಲ ಕೇಳಿಬಿಡೋಣ ಎಂದುಕೊಂಡ. ಇದನ್ನು ನನಗೆ ಕೊಡ್ತೀರಾ ಎಂಬ ಒಂದು ಮಾತನ್ನು ಮಾತ್ರ ಮುದುಕನ ಹತ್ತಿರ ಆಡಿರಲಿಲ್ಲ. ಇನ್ನೊಬ್ಬರ ಗಾಡಿಗಳ ಹುಳುಕು ಹುಡುಕುತ್ತ ತಲೆ ನೆರೆತವನಿಗೆ ಹುಳುಕಿಲ್ಲದ ಗಾಡಿಯನ್ನು ನಂಬುವುದು ಹೇಗೆಂದು ತಿಳಿಯದೆ ಹೋಯಿತೋ ಏನೋ. ಒಂದು ದಿನ ನಾದಿನಿಯ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿ ಸುಮ್ಮನಿರಲಾರದೆ ಹೇಳಿಬಿಟ್ಟ. ಅಜ್ಜನೊಬ್ಬನ ಹಿತ್ತಲಲ್ಲಿ ಒಂದು ಲಾರಿ ನೋಡಿದೀನಿ, ಅಂಥ ಇಂಜಿನ್ನು ಇನ್ನು ಹುಟ್ಟೋದಿಲ್ಲ ಬಿಡು. ಷಡ್ಡಕ ಅನ್ನ ಕಲಸುತ್ತ, ಹೌದಾ, ಎಂದಿದ್ದ. ಅಷ್ಟೇ. ಬರೀ ಹೌದಾ. ಆ ಹೌದಾದೊಳಗೆ ಏನಿತ್ತು ಎಂದು ತಿಳಿಯಲು ಯಾವ ಸ್ಕ್ರೂಡ್ರೈವರನ್ನು ಎಲ್ಲಿಗೆ ಒತ್ತಬೇಕಿತ್ತು?

ಆಮೇಲೊಂದು ದಿನ ಗ್ಯಾರೇಜಿನ ಮುಂದೆ ಹಾರನ್ನು ಕೇಳಿ ತಿರುಗಿ ನೋಡಿದರೆ ಇದು ನಿಂತಿತ್ತು. ಅವನಿಗೆ ಮೊದಲು ಗುರುತೇ ಸಿಗಲಿಲ್ಲ, ಯಾಕೆಂದರೆ ನೀಲಿ ಬಣ್ಣ ಬಳಿದಿದ್ದರು. ಇಂಜಿನ್ನಿನ ಸದ್ದು ಕಿವಿಗೆ ಬಿದ್ದದ್ದೇ ಗೊತ್ತಾಯಿತು, ಮುದುಕನ ಲಾರಿ. "ನೀವು ಚೆನ್ನಾಗಿದೆ ಅಂದ್ರಲ್ಲ ಅಣ್ಣ, ಕಣ್ಣು ಮುಚ್ಕೊಂಡು ತಗೊಂಡುಬಿಟ್ಟೆ" ಎನ್ನುತ್ತ ಷಡ್ಡಕ ಮೇಲಿನಿಂದ ಇಳಿದಿದ್ದ. ಒಳ್ಳೇ ಕೆಲಸ ಮಾಡಿದೆ, ಎಂದು ಅವನೇ ಹೇಳಿದ. ನಗುವನ್ನೂ ನಕ್ಕ. ಹೆಂಡತಿ ಓಡಿ ಬಂದು ಲಾರಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲಿನ ನೀಲಿಯ ಮೇಲೆ ಕೈಯಾಡಿಸಿದ್ದಳು, ಎಳೆಗೂಸಿನ ಕೆನ್ನೆ ಸವರುವವಳ ಹಾಗೆ. ಪ್ರಯಾಣದ ಮಾತು ಬಂದಾಗ ಅವಳೇ, ನಾನೂ ಹೋಗಿ ಬರ್ತೀನಿ ಕಣ್ರೀ, ಈ ವಯಸ್ಸಿಗೂ ಸಮುದ್ರ ನೋಡಿಲ್ಲ, ಎಂದಳು. ಹೋಗು, ನನ್ನನ್ನೇನು ಕೇಳೋದು, ಎಂದ. ನೀವೂ ಬನ್ನಿ ಅಣ್ಣ, ಎಂದು ಷಡ್ಡಕ ಕರೆದಾಗ, ಕೆಲಸ ಇದೆಯಪ್ಪ, ಆಗಲ್ಲ, ಎಂದ. ಹಾಗೆನ್ನುವಾಗ ಇನ್ನೊಂದು ಸಲ ಕರೆಯುತ್ತಾರೆ ಎಂಬ ಧೈರ್ಯವಿತ್ತು. ಕರೆಯಲಿಲ್ಲ. ಕೆಲಸವಿದೆ ಎಂದರೆ ಕೆಲಸವಿದೆ ಎಂದೇ ನಂಬಿಬಿಡುವ ಜನ. ಹೆಂಡತಿ, ನಾದಿನಿ, ಷಡ್ಡಕ, ಮೂರು ಜನರ ಮಾತು ಆಗಲೇ ಸಮುದ್ರದ ಕಡೆ ಹೊರಟುಬಿಟ್ಟಿತ್ತು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಜೊತೆಗೆ ಅವಳ ತಂಗಿ. ಅಕ್ಕ ತಂಗಿಯರಿಬ್ಬರೂ ಗ್ಯಾರೇಜಿನ ಜಿಡ್ಡು ನೆಲದ ಮೇಲೆ ಸೀರೆ ಎತ್ತಿ ಹಿಡಿದು ಕಾಲಿಡುತ್ತ, ಯಾವುದಕ್ಕೋ ನಗುತ್ತ ಬಂದರು. ಅವನು ಲಾರಿಯ ಕೆಳಗಿನಿಂದ ಈಚೆ ಬಂದಾಗ ನಗು ನಿಂತಿತು. ಅಥವಾ ನಿಂತಂತೆ ಅನ್ನಿಸಿತು.

"ಏನ್ ಭಾವ, ಪಾಸಾ ಫೇಲಾ?" ಎಂದಳು ನಾದಿನಿ.

"ಓಡಿಸಿ ನೋಡಬೇಕು. ನಿಂತಲ್ಲೇ ಎಲ್ಲ ಗೊತ್ತಾಗಲ್ಲ."

ಊಟ ಮುಗಿಸಿ ನಾಲ್ಕೂ ಜನ ಮುಂದಿನ ಉದ್ದ ಸೀಟಿನಲ್ಲಿ ಒತ್ತಿಕೊಂಡು ಕೂತರು. ಸ್ಟೀರಿಂಗಿನ ಮುಂದೆ ಷಡ್ಡಕ, ಅವನ ಪಕ್ಕ ಅವನ ಹೆಂಡತಿ, ಆಮೇಲೆ ತನ್ನ ಹೆಂಡತಿ, ಎಡಗಡೆಯ ಕಿಟಕಿಗೆ ತಾನು. ಪೇಟೆಯ ಬೀದಿ ದಾಟಿ, ಮರದ ಅಡ್ಡೆ ದಾಟಿ, ಊರಾಚೆಯ ನೇರ ರಸ್ತೆಗೆ ಬಂದಾಗ ಗಾಡಿ ಒಮ್ಮೆ ಉಸಿರೆಳೆದುಕೊಂಡು ನುಗ್ಗಿತು. ಕಿಟಕಿಯಿಂದ ಬಂದ ಗಾಳಿಗೆ ಹೆಂಡತಿಯ ಸೆರಗು ಅವನ ಮುಖದ ಮೇಲೆ ಹಾರಿತು. ಈ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಈ ರಸ್ತೆಯಲ್ಲಿ ಹೋಗುವುದನ್ನು ಅವನು ಮುದುಕನ ಹಿತ್ತಲಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಕಂಡಿದ್ದ. ಎಲ್ಲವೂ ಹಾಗೇ ಇತ್ತು. ಅದೇ ಇಂಜಿನ್ನು, ಅದೇ ಗಾಳಿ, ಅದೇ ಸೆರಗು. ಸ್ಟೀರಿಂಗಿನ ಮೇಲಿನ ಕೈಗಳು ಮಾತ್ರ ಬೇರೆ. ಆ ಕೈಗಳು ಅದನ್ನು ಎಷ್ಟು ಹಗುರವಾಗಿ ಹಿಡಿದಿದ್ದವೆಂದರೆ, ಕಷ್ಟಪಟ್ಟು ಪಡೆದದ್ದನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಷಡ್ಡಕ ಏನೋ ತಮಾಷೆ ಮಾಡಿದ, ಹೋಟೆಲಿನವರು ಮಂಚದ ಅಳತೆ ಕೊಟ್ಟದ್ದು ನೋಡಿದರೆ ಅಲ್ಲಿಗೆ ಬರುವವರೆಲ್ಲ ಕುಳ್ಳರೇ ಇರಬೇಕು ಎಂದೋ ಏನೋ. ಹೆಂಡತಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವಳಿಗೆ ಹೀಗೆ ನಗಲು ಬರುತ್ತದೆಂದು ಯಾವ ಕಾಲದಲ್ಲಿ ಗೊತ್ತಿತ್ತು, ಯಾವಾಗ ಮರೆತೆ, ಎಂದು ಅವನು ಯೋಚಿಸುತ್ತಿದ್ದಾಗಲೇ ಲಾರಿ ಬಲಕ್ಕೆ ತಿರುಗಿತು. ಕಾಲ ಕೆಳಗೆ, ಎಡಗಡೆಯ ಮುಂದಿನ ಚಕ್ರದಿಂದ, ತೆಳ್ಳಗೆ ಒಂದು ಕರಕರ ಕೇಳಿಸಿತು.

"ನಿಲ್ಲಿಸು!"

ಎಲ್ಲರೂ ಬೆಚ್ಚಿಬಿದ್ದರು. ಸದ್ದು ಬಂತಲ್ಲ, ಕೇಳಲಿಲ್ಲವಾ ಎಂದ. ಯಾರಿಗೂ ಕೇಳಿರಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಅವನಿಗೆ ಮತ್ತೆ ಕೇಳಿಸಿತು. ಮೂವರೂ ಉಸಿರು ಬಿಗಿಹಿಡಿದು ಕೂತರು, ಅವರಿಗೆ ಕೇಳಲಿಲ್ಲ. ಚಕ್ರದ ಒಳಗಿನ ಬೇರಿಂಗಿನ ಉರುಳೆಗಳು ಸವೆದಾಗ ಬರುವ ಸದ್ದು ಅದು, ಸಾವಿರ ಗಾಡಿಗಳಲ್ಲಿ ಕೇಳಿದ ಸದ್ದು. ಘಾಟಿಯ ಇಳಿಜಾರಿನಲ್ಲಿ, ಹಿಂದೆ ಅಷ್ಟು ಭಾರ ಹೊತ್ತಾಗ ಆ ಬೇರಿಂಗು ಸುಟ್ಟು ಹಿಡಿದುಕೊಂಡರೆ ಮುಂದಿನ ಚಕ್ರವೇ ಕೈಕೊಡುತ್ತದೆ ಎಂದು ವಿವರಿಸಿದ. ವಿವರಿಸುವಾಗ ತನ್ನ ದನಿಯಲ್ಲಿ ಬೆಳಗಿನಿಂದ ಇಲ್ಲದಿದ್ದ ಒಂದು ಹುರುಪು ಬಂದದ್ದು ಅವನಿಗೇ ಕೇಳಿಸಿತು. ಹೆಂಡತಿಗೂ ಕೇಳಿಸಿರಬೇಕು. ಅವಳು ರಸ್ತೆಯನ್ನು ನೋಡುವುದು ಬಿಟ್ಟು ಅವನ ಮುಖವನ್ನು ನೋಡುತ್ತಿದ್ದಳು.

"ಕಿವಿ ಮೇಸ್ತ್ರಿ ಹೇಳಿದ ಮೇಲೆ ಮುಗೀತು" ಎಂದ ಷಡ್ಡಕ. ಅವನ ಮುಖ ಸಪ್ಪಗಾಗಿತ್ತು, ಆದರೆ ಅನುಮಾನದ ಒಂದು ಗೆರೆಯೂ ಅಲ್ಲಿರಲಿಲ್ಲ. "ಬಿಚ್ಚಿಬಿಡೋಣ. ನಾಳೆ ಆಗದಿದ್ರೆ ಹೋಟೆಲ್ನೋರಿಗೆ ಹೇಳ್ತೀನಿ, ತಡ ಆಗುತ್ತೆ ಅಂತ. ಕೆಲಸ ತಪ್ಪಿದ್ರೆ ತಪ್ಪಲಿ, ಜೀವಕ್ಕಿಂತ ಹೆಚ್ಚಾ?"

ಗ್ಯಾರೇಜಿಗೆ ಮರಳಿ, ಜಾಕು ಕೊಟ್ಟು, ಚಕ್ರ ಕಳಚಿ, ಅದರ ನಡುವಿನ ಹಬ್ಬಿನ ಮುಚ್ಚಳ ತೆಗೆದು, ಪಿನ್ನು ಎಳೆದು, ನಟ್ಟು ಬಿಚ್ಚುವಷ್ಟು ಹೊತ್ತೂ ಅವನ ಕೈಗಳಲ್ಲಿ ಹಬ್ಬದ ಕಳೆ. ಇದೊಂದು ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ಕ್ಷಮಿಸಿಬಿಡುತ್ತೇನೆ ಎಂದುಕೊಂಡ. ಯಾರನ್ನು ಕ್ಷಮಿಸುವುದು, ಯಾವ ತಪ್ಪಿಗೆ ಎಂಬುದನ್ನು ಮುಂದುವರಿದು ಯೋಚಿಸಲಿಲ್ಲ. ಬೇರಿಂಗು ಕೈಗೆ ಬಂತು. ಡೀಸೆಲ್ಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದ. ಉರುಳೆಗಳು ಒಂದೊಂದೂ ತೊಳೆದಿಟ್ಟ ಹಲ್ಲಿನ ಹಾಗೆ ಹೊಳೆಯುತ್ತಿದ್ದವು. ಉಗುರಿನಿಂದ ಗೀರಿ ನೋಡಿದ. ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಬೆಣ್ಣೆ. ಮುದುಕ ಮಾರುವ ಮುಂಚೆ ಹೊಸದನ್ನೇ ಹಾಕಿಸಿದ್ದಿರಬೇಕು. ಒಳಗಿನ ಇನ್ನೊಂದನ್ನೂ ತೆಗೆದ, ಅದೂ ಹಾಗೇ. ಮೂವರೂ ಅವನ ಸುತ್ತ ನಿಂತಿದ್ದರು, ಆಪರೇಷನ್ ಆದಮೇಲೆ ಡಾಕ್ಟರ ಬಾಯಿ ನೋಡುವ ನೆಂಟರ ಹಾಗೆ. ಬೇರಿಂಗನ್ನು ಇನ್ನೂ ಒಮ್ಮೆ ತಿರುಗಿಸಿದ, ನಾಚಿಕೆ ಬಿಟ್ಟು ಇನ್ನೂ ಒಮ್ಮೆ.

"ಚೆನ್ನಾಗೇ ಇದೆ" ಎಂದ ಕೊನೆಗೆ, ನೆಲಕ್ಕೆ ಹೇಳುವಂತೆ.

"ಅಬ್ಬ!" ಎಂದು ಷಡ್ಡಕ ಎದೆಯ ಮೇಲೆ ಕೈಯಿಟ್ಟುಕೊಂಡ. "ನಿಮ್ಮ ಮನಸ್ಸಿಗೂ ಸಮಾಧಾನ ಆಯ್ತಲ್ಲ ಅಣ್ಣ. ಬಿಚ್ಚಿ ನೋಡಿದ್ದೇ ಒಳ್ಳೇದಾಯ್ತು. ಹಾಗಾದ್ರೆ ನಾಳೆ ಹೊರಡಬಹುದಾ?"

"ಹೊರಡೋದು ಬಿಡೋದು ನಿಮ್ಮಿಷ್ಟ."

ಷಡ್ಡಕ ಅದನ್ನೇ ಹೂಂ ಎಂದುಕೊಂಡು, ಟೀ ತರುತ್ತೇನೆಂದು ನಾದಿನಿಯನ್ನು ಕರೆದುಕೊಂಡು ಹೊರಗೆ ಹೋದ. ಒಳಗೆ ಉಳಿದ ಅವನು ಬೇರಿಂಗಿಗೆ ಹೊಸ ಗ್ರೀಸು ತುಂಬತೊಡಗಿದ. ಹೆಂಡತಿ ಖಾಲಿ ಡಬ್ಬಿಯನ್ನು ಬುಟ್ಟಿಗೆ ಇಟ್ಟುಕೊಳ್ಳುತ್ತ, ಅವನ ಕಡೆ ನೋಡದೆ, ಮಗುವನ್ನು ಕೇಳುವಷ್ಟು ಮೆತ್ತಗೆ ಕೇಳಿದಳು.

"ಪಾಪ, ಏನೂ ಸಿಗ್ಲಿಲ್ವಾ?"

ಅವಳು ಹೋದ ಮೇಲೂ ಆ ಮಾತು ಗ್ಯಾರೇಜಿನಲ್ಲೇ ಇತ್ತು. ಸ್ಪ್ಯಾನರು ಎತ್ತಿಕೊಂಡರೆ ಅಲ್ಲಿ, ಬಟ್ಟೆ ಹಿಂಡಿದರೆ ಅಲ್ಲಿ. ಅಷ್ಟು ವರ್ಷ ಜೊತೆಯಲ್ಲಿ ಸಂಸಾರ ಮಾಡಿದವಳು ಇವನನ್ನು ಇಷ್ಟು ಚೆನ್ನಾಗಿ ಬಿಚ್ಚಿ, ತೊಳೆದು, ಬೆಳಕಿಗೆ ಹಿಡಿದು ನೋಡಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಪಾಪ ಎಂದಳಲ್ಲ, ಆ ಪಾಪ ಇಲ್ಲದಿದ್ದರೆ ತಡೆದುಕೊಳ್ಳಬಹುದಿತ್ತು. ಬೇರಿಂಗನ್ನು ಕೂರಿಸಿದ, ವಾಷರು ಹಾಕಿದ, ನಟ್ಟು ತಿರುಗಿಸಿ ಸ್ಪ್ಯಾನರಿಗೆ ಮೈಭಾರ ಕೊಟ್ಟು ಬಿಗಿದ. ಪಾಪ, ಏನೂ ಸಿಗ್ಲಿಲ್ವಾ. ಇನ್ನೂ ಬಿಗಿದ. ಹೊರಗೆ ಆ ಮೂವರು ಟೀ ಲೋಟ ಹಿಡಿದು ನಗುತ್ತಿರುವುದು ಕೇಳಿಸುತ್ತಿತ್ತು, ಅದು ಯಾವುದರ ನಗುವೋ. ಪಿನ್ನು ತೂರಿಸಿ ಮಡಿಸಿದ, ಮುಚ್ಚಳ ಬಡಿದ, ಚಕ್ರ ಏರಿಸಿದ. ಕೆಲಸ ಮುಗಿದಾಗ ಷಡ್ಡಕ ತಂದುಕೊಟ್ಟ ಟೀ ತಣ್ಣಗಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಅವರು ಹೊರಟರು. ಮಂಚ ಮೇಜುಗಳನ್ನು ತುಂಬಿ, ಟಾರ್ಪಾಲು ಬಿಗಿದು, ಹಗ್ಗಕ್ಕೆ ಗಂಟು ಹಾಕಿದ ಷಡ್ಡಕ ಬಂದು, "ಬರ್ತೀವಣ್ಣ" ಎಂದು ಅವನ ಎರಡೂ ಕೈ ಹಿಡಿದುಕೊಂಡ. ಹೆಂಡತಿ ಎಡಗಡೆಯ ಕಿಟಕಿಗೆ ಕೂತಿದ್ದಳು. ಹಾಲು ಕಾಯಿಸಿಟ್ಟಿದೀನಿ, ಬಟ್ಟೆ ಒಣಗಿದ ಮೇಲೆ ಒಳಗೆ ತನ್ನಿ, ಎಂದಳು. ಹುಷಾರು, ಎಂದ ಅವನು. ಲಾರಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಕಿವಿಗೊಟ್ಟು ನಿಂತ. ಒಂದು ಸದ್ದಾದರೂ ಬರಲಿ ಎಂದು ಕಾದ ಹಾಗಿತ್ತು. ಬರಲಿಲ್ಲ.

ಗ್ಯಾರೇಜಿನಲ್ಲಿ ಆ ದಿನ ಒಂದು ಸಣ್ಣ ವ್ಯಾನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕೆಲಸ ಇದೆಯಪ್ಪ, ಆಗಲ್ಲ, ಎಂದದ್ದು ನೆನಪಾಗಿ ಒಬ್ಬನೇ ಹುಳ್ಳಗೆ ನಕ್ಕ. ಈ ಹೊತ್ತಿಗೆ ಅವರು ಬಯಲು ದಾಟಿರುತ್ತಾರೆ. ಅವಳು ಕಿಟಕಿಯಾಚೆ ಕೈ ಚಾಚಿ ಗಾಳಿ ಹಿಡಿಯುತ್ತಿರುತ್ತಾಳೆ, ಮದುವೆಯಾದ ಹೊಸದರಲ್ಲಿ ಬಸ್ಸಿನಲ್ಲಿ ಹಾಗೆ ಮಾಡುತ್ತಿದ್ದಳು, ಕೈ ಒಳಗೆ ಹಾಕು ಎಂದು ತಾನು ಗದರಿದ್ದ. ಷಡ್ಡಕ ಗದರುವುದಿಲ್ಲ. ವ್ಯಾನಿನ ಚಕ್ರದಲ್ಲೂ ಬೇರಿಂಗಿನದೇ ಕೆಲಸ. ನಟ್ಟನ್ನು ಬಿಗಿದು, ಅಭ್ಯಾಸದಂತೆ ಸ್ಪ್ಯಾನರನ್ನು ಕಾಲು ಸುತ್ತು ಹಿಂದಕ್ಕೆ ತಂದ. ತಂದವನ ಕೈ ಅಲ್ಲೇ ನಿಂತುಬಿಟ್ಟಿತು. ನಿನ್ನೆ ಹೀಗೆ ಹಿಂದಕ್ಕೆ ತಂದಿದ್ದೆನೇ? ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಮೊದಲ ದಿನವೇ ತಲೆಗೆ ಮೊಟಕಿ ಹೇಳಿದ್ದು ಇದನ್ನೇ. ಬೇರಿಂಗ್ ಕೂರೋವರೆಗೂ ಬಿಗಿ, ಆಮೇಲೆ ಕಾಲು ಸುತ್ತು ಸಡಿಲ ಬಿಡು. ಬಿಡದೇ ಹೋದ್ರೆ ನಿಂತಾಗ ಏನೂ ಗೊತ್ತಾಗಲ್ಲ ಕಣೋ, ದೂರ ಓಡಿದ ಮೇಲೆ ಸುಡುತ್ತೆ. ನಿನ್ನೆ ಬಿಗಿದದ್ದು ನೆನಪಿತ್ತು, ಎರಡು ಸಲ ಬಿಗಿದದ್ದು ನೆನಪಿತ್ತು. ಬಿಟ್ಟದ್ದು? ಚಕ್ರವನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿದ್ದು? ನೆನಪಿನ ಆ ಜಾಗದಲ್ಲಿ ಕೈ ಹಾಕಿದರೆ ಸ್ಪ್ಯಾನರು ಸಿಗುತ್ತಿರಲಿಲ್ಲ, ಹೆಂಡತಿಯ ಮಾತು ಸಿಗುತ್ತಿತ್ತು. ನೆನಪಿಸಿಕೊಳ್ಳಲು ಕೂತಲ್ಲೇ ಮತ್ತೆ ಮತ್ತೆ ಗಾಳಿಯಲ್ಲಿ ಕೈ ತಿರುಗಿಸಿದ. ತಿರುಗಿಸಿದಷ್ಟೂ ಇದ್ದಬದ್ದ ನೆನಪೂ ಕಲಸಿಹೋಯಿತು.

ಬಿಟ್ಟಿರುತ್ತೇನೆ. ಊಟ ಮಾಡುವಾಗ ಬಾಯಿ ತೆರೆಯಲು ಯಾರಾದರೂ ಮರೆಯುತ್ತಾರೆಯೇ? ಆದರೆ ನಿನ್ನೆ ತಾನು ತಾನಾಗಿದ್ದೆನೇ? ಇಲ್ಲದ ಸದ್ದು ಕೇಳಿಸಿದ ಕಿವಿ ತನ್ನದಾಗಿದ್ದರೆ, ಇರುವ ನಟ್ಟನ್ನು ಮರೆತ ಕೈಯೂ ತನ್ನದೇ ಆಗಿರಬಹುದು. ಗಾಡಿಯಲ್ಲಿ ಹುಳುಕು ಹುಡುಕಿ ಹುಡುಕಿ, ಸಿಗದೆ, ತಾನೇ ಒಂದನ್ನು ಇಟ್ಟು ಕಳಿಸಿದೆನೋ? ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲವರೆಗೆ ಹೋದ, ಬಂದ. ಫೋನು ಮಾಡಿದರೆ? ಮಾಡಿ ಏನೆನ್ನುವುದು? ನಿನ್ನೆ ಸದ್ದು ಎಂದೆ, ಇವತ್ತು ಬಿಸಿ ಎನ್ನಲೇ? ಹೆಂಡತಿ ಫೋನು ಕೆಳಗಿಟ್ಟು ತಂಗಿಯ ಕಡೆ ನೋಡುವುದು, ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು ಅವನಿಗೆ ಇಲ್ಲಿಂದಲೇ ಕಂಡಿತು. ಇನ್ನು ಜನ್ಮದಲ್ಲಿ ಆ ಮನೆಗೆ ಊಟಕ್ಕೆ ಹೋಗುವ ಹಾಗಿಲ್ಲ. ಮಾಡದೆ ಬಿಟ್ಟರೆ? ಘಾಟಿಯ ಇಳಿಜಾರು, ನೀಲಿ ಲಾರಿ, ಚಕ್ರದಿಂದ ಎದ್ದ ಹೊಗೆ, ಹಗುರವಾಗಿ ಹಿಡಿದಿದ್ದ ಆ ಕೈಗಳು ಸ್ಟೀರಿಂಗನ್ನು ಗಟ್ಟಿಯಾಗಿ ತಬ್ಬಿಕೊಂಡದ್ದು, ನಗು ಸತ್ತ ಷಡ್ಡಕನ ಮುಖ. ಆ ಚಿತ್ರವನ್ನು ಅವನು ನೋಡಿದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಹಾಗೆ ನೋಡುತ್ತ ನಿಂತಿದ್ದೇನೆ ಎಂದು ತಿಳಿದ ಕ್ಷಣ, ಹಾವು ತುಳಿದವನಂತೆ ಮೈ ಜುಮ್ಮೆಂದಿತು. ಆ ಚಕ್ರದ ಮೇಲಿನ ಕಿಟಕಿಯಲ್ಲಿ ಕೂತಿದ್ದವಳು ಅವಳು. ಜಿಡ್ಡು ಕೈಯಲ್ಲೇ ಫೋನು ತೆಗೆದ.

ಅವಳೇ ಎತ್ತಿದಳು. ಹಿಂದೆ ಇಂಜಿನ್ನಿನ ಸದ್ದು ತುಂಬಿಕೊಂಡಿತ್ತು.

"ಎಲ್ಲಿದೀರಾ?"

"ಘಾಟಿ ಶುರುವಾಗೋ ಕಡೆ. ಟೀ ಅಂಗಡಿ ಸಿಕ್ಕಿದ್ರೆ ನಿಲ್ಲಿಸೋಣ ಅಂತಿದ್ರು. ಯಾಕ್ರೀ?"

"ಈಗ್ಲೇ ನಿಲ್ಲಿಸೋಕೆ ಹೇಳು. ಇಳಿದು ಎಡಗಡೆ ಮುಂದಿನ ಚಕ್ರದ ಮಧ್ಯದಲ್ಲಿ, ಆ ಮುಚ್ಚಳದ ಹತ್ರ ಅಂಗೈ ಇಟ್ಟು ನೋಡು. ಮೊದಲು ಬೆರಳು ತಾಗಿಸು, ಆಮೇಲೆ ಅಂಗೈ."

"ಮತ್ತೆ ಶುರು ಮಾಡಿದ್ರಾ? ನಿನ್ನೆ ಆಗಿದ್ದು ಸಾಲ್ದಾ? ಅವರೇನೂ ಅನ್ಲಿಲ್ಲ ನಿಜ, ನಂಗೆ ಮುಖ ಎತ್ತೋಕಾಗ್ಲಿಲ್ಲ."

"ಗಾಡೀದು ತಪ್ಪಲ್ಲ ಕಣೆ" ಎಂದ. ಮುಂದಿನ ಮಾತನ್ನು ಅವನು ಯಾವತ್ತೂ ಯಾರ ಹತ್ತಿರವೂ ಆಡಿರಲಿಲ್ಲ, ತನ್ನ ಹತ್ತಿರವೂ. "ನನ್ನ ಕೈದು. ನಿನ್ನೆ ನಟ್ಟು ಬಿಗಿದವನು ಸಡಿಲ ಬಿಟ್ನೋ ಇಲ್ವೋ ನೆನಪಿಲ್ಲ. ತಲೆ ಸರಿ ಇರ್ಲಿಲ್ಲ. ಹೊಟ್ಟೆಕಿಚ್ಚು ಕಣೆ. ಅವನು ಇದನ್ನ ತಂದ ದಿನದಿಂದ ಹೊಟ್ಟೆ ಉರೀತಾನೇ ಇದೆ. ಆ ಸದ್ದೂ ಗಾಡೀದಲ್ಲ, ನಂದೇ. ಬೈಯೋದು ಆಮೇಲೆ ಬೈ. ಈಗ ಇಳಿ."

ಸ್ವಲ್ಪ ನಿಲ್ಲಿಸಿ, ಎಂದು ಅವಳು ಆಚೆ ತಿರುಗಿ ಹೇಳಿದ್ದು ಕೇಳಿಸಿತು. ಲಾರಿ ಪಕ್ಕಕ್ಕೆ ಸರಿದು ನಿಂತಿತು. ಇಂಜಿನ್ನು ಆರಿತು. ಬಾಗಿಲು ತೆರೆಯಿತು. ಕಲ್ಲುಚೂರಿನ ಮೇಲೆ ಅವಳ ಹೆಜ್ಜೆ. ಏನಂತೆ ಅಕ್ಕ, ಎಂದು ತಂಗಿ ಕೇಳಿದಳು. ಗ್ಯಾರೇಜಿನ ಗೋಡೆಗೆ ಒರಗಿ, ಫೋನನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಅವನು ಕೇಳಿದ. ಇಷ್ಟು ಗಮನವಿಟ್ಟು ಅವನು ಯಾವ ಇಂಜಿನ್ನನ್ನೂ ಕೇಳಿರಲಿಲ್ಲ. ಅವಳು ಬಗ್ಗಿದಾಗ ಬಳೆ ಕಬ್ಬಿಣಕ್ಕೆ ತಾಗಿದ್ದು ಕೇಳಿಸಿತು.

"ಇಟ್ಟಿದೀನಿ" ಎಂದಳು.

"ಸುಡುತ್ತಾ? ಕೈ ಇಡೋಕಾಗುತ್ತಾ?"

"ಬೆಚ್ಚಗಿದೆ."

"ಎಷ್ಟು ಬೆಚ್ಚಗೆ? ಆ ಕಡೆ ಚಕ್ರದ ಮೇಲೂ ಇಟ್ಟು ನೋಡು."

ಹೆಜ್ಜೆಗಳು ಲಾರಿಯ ಮುಂದಿನಿಂದ ಸುತ್ತಿ ಬಲಕ್ಕೆ ಹೋದವು, ನಿಂತವು, ಮತ್ತೆ ಎಡಕ್ಕೆ ಬಂದವು. ಅವಳಿಗೆ ಅವಸರವಿರಲಿಲ್ಲ. ಎರಡು ಪಾತ್ರೆಯ ಹಾಲು ಮುಟ್ಟಿ ನೋಡುವವಳ ತಾಳ್ಮೆಯಿಂದ ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ಎರಡೂ ಒಂದೇ ಥರ ಇದೆ ಕಣ್ರೀ. ಮಗು ಹಣೆಯಷ್ಟು ಬೆಚ್ಚಗೆ, ಅಷ್ಟೇ."

ಹಾಗಾದರೆ ಬಿಟ್ಟಿದ್ದ. ಮನಸ್ಸು ಎಲ್ಲೆಲ್ಲೋ ಉರಿಯುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಕಾಲು ಸುತ್ತು ಹಿಂದಕ್ಕೆ ಬಂದಿತ್ತು, ಅವನನ್ನು ಒಂದು ಮಾತೂ ಕೇಳದೆ. ಬದುಕಿದೆ ಎಂದು ಅವನಿಗೆ ಅನ್ನಿಸಿತು. ಅದರ ಹಿಂದೆಯೇ, ಹೇಳಬೇಕಾಗಿರಲಿಲ್ಲವಲ್ಲ, ಎಲ್ಲ ಬಾಯಿಬಿಟ್ಟು ಹೇಳಿಬಿಟ್ಟೆನಲ್ಲ ಎಂದೂ ಅನ್ನಿಸಿ ಮುಖ ಬಿಸಿಯಾಯಿತು.

"ಕೈ ತೆಗೀಲಾ?" ಎಂದಳು ಹೆಂಡತಿ. ಇಷ್ಟು ಹೊತ್ತೂ ಅವಳು ಅಲ್ಲೇ ಅಂಗೈ ಇಟ್ಟುಕೊಂಡು ಬಗ್ಗಿ ನಿಂತಿದ್ದಳು.

"ತೆಗಿ" ಎಂದ. "ಗಾಡಿ ಚೆನ್ನಾಗಿದೆ. ಹೊರಡಬಹುದು ಅಂತ ಅವನಿಗೆ ಹೇಳು."

"ಅದನ್ನ ನಾನ್ಯಾಕೆ ಹೇಳ್ಲಿ? ನೀವೇ ಹೇಳಿ."

ಬೇಡ ಎನ್ನುವಷ್ಟರಲ್ಲಿ ಫೋನು ಕೈ ಬದಲಾಯಿಸಿತ್ತು. "ಹೇಳಿ ಅಣ್ಣ" ಎಂದಿತು ಆ ದನಿ.

ಎರಡು ದಿನದಿಂದ ನಾಲಿಗೆಯ ತುದಿಯಲ್ಲಿ ತಡೆಹಿಡಿದಿದ್ದ ಮಾತು, ಎಷ್ಟು ಸಣ್ಣ ಮಾತು. "ಗಾಡಿ ಚೆನ್ನಾಗಿದೆಯಪ್ಪ" ಎಂದ. "ಎಲ್ಲೂ ಏನೂ ಇಲ್ಲ. ಧೈರ್ಯವಾಗಿ ಹೋಗು."

"ಅದು ನಂಗೆ ಗೊತ್ತಲ್ಲ ಅಣ್ಣ" ಎಂದು ಷಡ್ಡಕ ನಕ್ಕ. ಆಮೇಲೆ ದನಿ ತಗ್ಗಿಸಿದ, ಹೆಂಗಸರಿಗೆ ಕೇಳದಿರಲಿ ಎಂಬಂತೆ. "ಅವತ್ತು ಊಟಕ್ಕೆ ಕೂತಾಗ ಇದರ ವಿಷಯ ಹೇಳುವಾಗ ನಿಮ್ಮ ಮುಖ ನೋಡಿದ್ದೆ. ನೀವೇ ತಗೋತೀರಿ ಅಂತ ಸುಮ್ನಿದ್ದೆ. ಮಳೆಗಾಲ ಪೂರ್ತಿ ಕಾದೆ. ಕೊನೆಗೆ ಹೋಗಿ ಆ ಅಜ್ಜನ್ನೇ ಕೇಳಿದೆ, ಮೇಸ್ತ್ರಿ ಏನಾದ್ರೂ ಮಾತು ಆಡಿದ್ರಾ ಅಂತ. ಇಲ್ಲಪ್ಪ, ಬರ್ತಾರೆ, ಕೇಳಿಸ್ಕೋತಾರೆ, ಹೋಗ್ತಾರೆ ಅಂದ್ರು. ಯಾಕಣ್ಣ ತಗೊಳ್ಳಲಿಲ್ಲ?"

ಇಷ್ಟು ದಿನ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ನ್ಯಾಯ, ನನ್ನದನ್ನು ಕಿತ್ತುಕೊಂಡ ಎಂಬ ನ್ಯಾಯವನ್ನೂ ಈ ಮನುಷ್ಯ ಅಲ್ಲಾಡುವ ಕುರ್ಚಿಯೊಂದನ್ನು ಸರಿಮಾಡುವಷ್ಟೇ ಸಲೀಸಾಗಿ ಕೈಯಿಂದ ತೆಗೆದುಕೊಂಡಿದ್ದ.

"ಘಾಟಿ ಇಳಿಯುವಾಗ ಗೇರಲ್ಲೇ ಇಳಿಸು" ಎಂದ. "ಬರೀ ಬ್ರೇಕು ತುಳೀಬೇಡ."

"ಆಯ್ತಣ್ಣ."

ಫೋನನ್ನು ಯಾರೂ ಕಟ್ ಮಾಡಲಿಲ್ಲ. ಹೆಂಡತಿಯ ಮಡಿಲಿನಲ್ಲೋ ಸೀಟಿನ ಮೇಲೋ ಬಿದ್ದಿರಬೇಕು. ಬಾಗಿಲು ಹಾಕಿದ ಸದ್ದು, ಇಂಜಿನ್ನು ಚಾಲೂ ಆದ ಸದ್ದು, ಅವಳು ಏನೋ ಅಂದದ್ದು, ಷಡ್ಡಕ ಏನೋ ಅಂದದ್ದು, ಮೂವರೂ ನಕ್ಕದ್ದು. ಹೊಟ್ಟೆಯ ಉರಿ ಇದ್ದಲ್ಲೇ ಇತ್ತು, ಒಂದಿಷ್ಟೂ ಆರಿರಲಿಲ್ಲ. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ನೀಲಿ ಲಾರಿ ಘಾಟಿ ಹತ್ತತೊಡಗಿತು. ಮೊದಲನೆಯ ತಿರುವು ಬಲಕ್ಕೆ ಬಂದಿರಬೇಕು, ಭಾರವೆಲ್ಲ ಎಡಗಡೆಯ ಮುಂದಿನ ಚಕ್ರದ ಮೇಲೆ ವಾಲಿರಬೇಕು. ಲೈನು ಕಡಿದುಹೋಗುವವರೆಗೂ ಅವನು ಉಸಿರು ಹಿಡಿದು ಕೇಳಿದ. ಎಲ್ಲೂ ಒಂದು ತಪ್ಪು ಸದ್ದಿರಲಿಲ್ಲ.